ಮೂವತ್ತಾರು ಗ್ರೇನ್

"ಇನ್ನೊಂದು ಪಟ್ಟಿ ಕತ್ತರಿಸ್ರಿ," ಎಂದಳು ನಾಹಿದಾ.

ಹಮಾಲರ ಮುಖಂಡ ಬಾಬುಸಾಬ ಕಟರ್ ಹಿಡಿದುಕೊಂಡೇ ನಿಂತ. "ಮೇಡಂ, ಒಮ್ಮಿ ಬಿಚ್ಚಿದ ಅಂಡಗಿ ಮತ್ತ ಪ್ರೆಸ್ಸಿಗೆ ಹಾಕಬೇಕಾಗ್ತೈತ್ರಿ. ಸಾವಕಾರ್ರು ಇದ್ದಿದ್ರ ನನ್ನ ಚರ್ಮಾ ಸುಲೀತಿದ್ರು."

"ಸಾವಕಾರ್ರು ಇದ್ದಿದ್ರ ನಾ ಯಾಕ ಇಲ್ಲಿ ಬರ್ತಿದ್ದೆ ಕಾಕಾ? ಕತ್ತರಿಸ್ರಿ."

ಟಣ್ಣೆಂದು ಕಬ್ಬಿಣದ ಪಟ್ಟಿ ಹಾರಿತು. ಅಂಡಿಗೆಯಾಗಿ ಒತ್ತಿ ಬಿಗಿದಿದ್ದ ಹತ್ತಿ ಉಸಿರು ಬಿಟ್ಟಂತೆ ಉಬ್ಬಿ ಹೊರಬಂತು. ನಾಹಿದಾ ಮೊಣಕಾಲೂರಿ ಕೂತು ಕೊಕ್ಕೆಯಿಂದ ಒಂದೊಂದೇ ಹಿಡಿ ಹತ್ತಿ ಜಗ್ಗತೊಡಗಿದಳು. ಖಾಕಿ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು, ಮೂಗಿನ ತುಂಬ ಹತ್ತಿಯ ಧೂಳು. ಹೊರಗೆ ಹೆದ್ದಾರಿಯಲ್ಲಿ ಚಿಗರಿ ಬಸ್ಸುಗಳು ಹುಬ್ಬಳ್ಳಿ-ಧಾರವಾಡಗಳ ನಡುವೆ ಭರ್ರೆಂದು ಓಡಾಡುತ್ತಿದ್ದವು.

ರಾಯಾಪುರದ ಇದೇ ಗೋದಾಮಿನಲ್ಲಿ, ಅಮಾವಾಸ್ಯೆಯ ಸಂಜೆ ತಕ್ಕಡಿ ಪೂಜೆ ಮುಗಿಸಿ ಒಬ್ಬರೇ ಕೂತಿದ್ದ ಹತ್ತಿ ವ್ಯಾಪಾರಿ ಮಡಿವಾಳಪ್ಪನವರ ಎದೆಗೆ ಯಾರೋ ಗುಂಡಿಕ್ಕಿದ್ದರು. ಅವರ ಸೊಸೆ ನಾಗರತ್ನಾ, ರೈಫಲ್ ಸ್ಪರ್ಧೆಗಳಲ್ಲಿ ಪದಕ ಗೆದ್ದವಳು, ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದಳು. ಅವಳನ್ನು ಮನೆಯಿಂದ ಕರೆತಂದದ್ದು ಸಬ್ ಇನ್ಸ್‌ಪೆಕ್ಟರ್ ನಾಹಿದಾಳೇ. ಜೀಪು ಹತ್ತುವಾಗ ಆ ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ. "ನಾ ಮಾಡಿಲ್ರಿ ಮೇಡಂ" ಎಂದು ಒಂದೇ ಸಲ ಹೇಳಿದ್ದಳು. ಆ ಒಂದು ಮಾತು ನಾಹಿದಾಳ ನಿದ್ದೆ ಕಸಿದಿತ್ತು.

ಇವತ್ತು ಮಧ್ಯಾಹ್ನ ಮೂರಕ್ಕೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಆಕೆ ಹೋಗುವುದು ಜೈಲಿಗೇ. ಅಷ್ಟರೊಳಗೆ ಏನಾದರೂ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ಹತ್ತಿ ಅಂಡಿಗೆಗೆ ತೂತು ಬೀಳುವುದು ಹೊಸದಲ್ಲ. ಕೊಳ್ಳಲು ಬಂದ ದಲಾಲಿ ಪಕ್ಕದ ಗೋಣಿಬಟ್ಟೆ ಕೊಯ್ದು, ಕೊಕ್ಕೆ ಹಾಕಿ ಒಂದು ಹಿಡಿ ಜಗ್ಗಿ, ಎಳೆ ಎಷ್ಟು ಉದ್ದವಿದೆ ನೋಡಿ, ಉಳಿದದ್ದನ್ನು ಅಲ್ಲೇ ತುರುಕಿ ಹೋಗುತ್ತಾನೆ. ಹೀಗಾಗಿ ಗೋಡೆ, ಬಾಗಿಲು, ತೊಲೆಗಳಿಗೆಲ್ಲ ಬೆರಳಿಟ್ಟು ನೋಡಿದ ಪೊಲೀಸರು ಅಂಡಿಗೆಗಳ ತೂತುಗಳನ್ನು ನೋಡಿಯೂ ನೋಡದೆ ಹೋಗಿದ್ದರು. ನಾಹಿದಾಳೂ ಹಾಗೇ ಹೋಗಿದ್ದಳು, ಸುಳ್ಳೇಕೆ ಹೇಳಬೇಕು.

ಆದರೆ ಅವಳ ಅಪ್ಪ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಸಾಲಿಗೆ ರಜೆ ಬಂತೆಂದರೆ ಅವರ ಬೆನ್ನಿಗೆ ಬಿದ್ದು ಗೋದಾಮು ಸುತ್ತಿದವಳು ಅವಳು. ಮಾದರಿ ತೆಗೆದ ತೂತು ಅಂಗೈಯಷ್ಟಿರುತ್ತದೆ, ಬಟ್ಟೆ ಕೊಯ್ದ ಗುರುತಿರುತ್ತದೆ. ಇಂದು ಬೆಳಿಗ್ಗೆ, ಮೇಜಿನ ಹಿಂದಿನ ಸಾಲಿನಲ್ಲಿ ಅವಳ ಕಣ್ಣಿಗೆ ಬಿದ್ದ ತೂತಿಗೆ ಕಿರುಬೆರಳ ತುದಿ ಕೂಡ ಸಲೀಸಾಗಿ ಹೋಗುತ್ತಿರಲಿಲ್ಲ. ಗೋಣಿಯ ಎಳೆಗಳು ಒಳಮುಖವಾಗಿ ಬಾಗಿದ್ದವು.

ಪುಣ್ಯಕ್ಕೆ ಅದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ತಕ್ಕಡಿಗೆ ಪೂಜೆಯೇ ಹೊರತು ಸರಕು ಹೊರಗೆ ಹೋಗುವುದಿಲ್ಲ. ಮರುದಿನದಿಂದ ಗೋದಾಮಿಗೆ ಪೊಲೀಸ್ ಬೀಗ. ಇಲ್ಲವಾಗಿದ್ದರೆ ಈ ಅಂಡಿಗೆ ಇಷ್ಟೊತ್ತಿಗೆ ಯಾವ ಗಿರಣಿಯಲ್ಲಿ ನೂಲಾಗುತ್ತಿತ್ತೋ ಯಾರಿಗೆ ಗೊತ್ತು!

ಕೊಕ್ಕೆಯ ತುದಿಗೆ ಏನೋ ಸಣ್ಣದು ತಾಕಿತು.

ನಾಹಿದಾ ಕೊಕ್ಕೆ ಬದಿಗಿಟ್ಟು ಕೈಗವಸಿನ ಬೆರಳುಗಳಿಂದ ಹತ್ತಿ ಬಿಡಿಸಿದಳು. ಬಿಳಿಯ ಹತ್ತಿಯ ನಡುವೆ ಶೇಂಗಾ ಕಾಳಿನಷ್ಟು ದೊಡ್ಡ, ಬೂದು ಬಣ್ಣದ ಸೀಸದ ತುಂಡು. ಮೂತಿ ಮಾತ್ರ ಸ್ವಲ್ಪ ಜಜ್ಜಿಹೋಗಿತ್ತು. ಉಳಿದದ್ದೆಲ್ಲ ಅಚ್ಚಿನಿಂದ ತೆಗೆದ ಹಾಗಿತ್ತು.

"ಯಾ ಅಲ್ಲಾ," ಎಂದ ಬಾಬುಸಾಬ. "ಎರಡನೇ ಗುಂಡು!"

"ಬಾಯಿ ಮುಚ್ರಿ ಕಾಕಾ. ಇಬ್ಬರೂ ಕೂಡಿ ಈ ಹತ್ತಿ ಎಳಿ ಎಳಿ ಬಿಡಿಸಿ ನೋಡ್ರಿ. ಕರೇದು ಒಂದು ಚೂರು ಕಂಡ್ರೂ ನನಗ ಹೇಳ್ರಿ."

ಬಾಬುಸಾಬ ಮತ್ತು ಪಕ್ಕದ ಗೋದಾಮಿನ ಗುಮಾಸ್ತ ಪಂಚನಾಮೆಗೆ ಬಂದ ಸಾಕ್ಷಿಗಳು. ಇಬ್ಬರೂ ಗುಂಡು ಹೊಕ್ಕ ದಾರಿಯುದ್ದಕ್ಕೂ ಹತ್ತಿ ಹಿಂಜಿ ಹಿಂಜಿ ನೋಡಿದರು. ಬಿಳಿಯ ಮೇಲೆ ಸೀಸದ ಒಂದು ಹರಳು ಉದುರಿದ್ದರೂ ಎದ್ದು ಕಾಣಬೇಕು. ಏನೂ ಇರಲಿಲ್ಲ. ಅಂದರೆ ಈ ಗುಂಡು ತನ್ನ ಮೈಯಿಂದ ಏನನ್ನೂ ಕಳೆದುಕೊಂಡಿಲ್ಲ. ನಳಿಕೆಯಿಂದ ಎಷ್ಟು ತೂಕ ಹೊರಟಿತ್ತೋ ಅಷ್ಟೇ ತೂಕ ಇಲ್ಲಿ ಕೂತಿದೆ.

ಅವಳಿಗೆ ಬೇಕಾಗಿದ್ದದ್ದು ಅದೇ.

ಯಾಕೆಂದರೆ ಇಡೀ ಕೇಸು ಒಂದು ಗುಂಡಿನ ಮೇಲೆ ನಿಂತಿತ್ತು. ಮಡಿವಾಳಪ್ಪನವರ ದೇಹದಿಂದ ತೆಗೆದದ್ದು ಪಾಯಿಂಟ್ ಟೂ-ಟೂ ರೈಫಲ್ಲಿನ ಸಣ್ಣ ಗುಂಡು. ನಾಗರತ್ನಾಳ ಕಪಾಟಿನಲ್ಲಿ ಅದೇ ಅಳತೆಯ ರೈಫಲ್ಲು, ತೆರೆದಿದ್ದ ಒಂದು ಕಾಡತೂಸಿನ ಡಬ್ಬಿ. ಅಮಾವಾಸ್ಯೆಯ ಬೆಳಿಗ್ಗೆ ಮಾವ-ಸೊಸೆಯ ಜಗಳ ಓಣಿಗೆಲ್ಲ ಕೇಳಿಸಿತ್ತು. ಸಂಜೆ ತಾನೆಲ್ಲಿದ್ದೆ ಎಂಬುದನ್ನು ಆ ಹುಡುಗಿ ಹೇಳುತ್ತಿಲ್ಲ. ಇನ್ನೇನು ಬೇಕು ಅಂದಿದ್ದರು ಇನ್ಸ್‌ಪೆಕ್ಟರ್ ರಾಜಶೇಖರ. ಪ್ರಯೋಗಾಲಯದಿಂದ ರೈಫಲ್ಲಿನ ವರದಿ ಬರಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅವಳು ಒಳಗೆ.

ಆದರೆ ದವಾಖಾನೆಯಲ್ಲಿ ತೂಗಿದಾಗ ಆ ಗುಂಡು ಬಂದದ್ದು ಎರಡೂ ಕಾಲು ಗ್ರಾಂ. ನಾಗರತ್ನಾಳ ಡಬ್ಬಿಯ ಮೇಲೆ ಅಚ್ಚಾಗಿದ್ದದ್ದು ನಲವತ್ತು ಗ್ರೇನ್. ಅಂದರೆ ಎರಡೂವರೆ ಗ್ರಾಮಿಗಿಂತ ಮೇಲೆ.

"ಎಲುಬಿಗೆ ಬಡದು ಸವದೈತಿ," ಎಂದು ಕೈ ಬೀಸಿದ್ದರು ರಾಜಶೇಖರ. ಸಾಹೇಬರು ಕೆಟ್ಟವರಲ್ಲ. ಆದರೆ ಒಮ್ಮೆ ಅವರ ತಲೆ ಹೊಕ್ಕ ವಿಚಾರಕ್ಕೆ ಹೊರಬರಲು ಬಾಗಿಲೇ ಇರುವುದಿಲ್ಲ. ನಾಹಿದಾಳಿಗೆ ಎದುರು ಹೇಳಲು ಬಾಯಿ ಇರಲಿಲ್ಲ, ಯಾಕೆಂದರೆ ಎಲುಬಿಗೆ ಬಡಿದ ಸೀಸ ಸವೆಯುವುದೂ ಖರೇ.

ಈಗ ಯಾವ ಎಲುಬನ್ನೂ ಕಾಣದ ಗುಂಡು ಅವಳ ಕೈಯಲ್ಲಿತ್ತು. ಅದಕ್ಕೆ ಅವಳು ಬೈರಿದೇವರಕೊಪ್ಪದ ಒಬ್ಬ ಅಕ್ಕಸಾಲಿಗನ ಋಣಿ. ಕಳ್ಳತನದ ಬಂಗಾರ ಸಿಕ್ಕಾಗಲೆಲ್ಲ ಠಾಣೆಯವರು ಪಂಚನಾಮೆಯ ತೂಕಕ್ಕೆ ಕರೆಯುವುದು ಮೌನೇಶ ಪತ್ತಾರನನ್ನೇ. ದೇಹದಿಂದ ತೆಗೆದ ಗುಂಡನ್ನೂ ಮೊದಲು ಅವನ ಬಳಿಗೇ ಒಯ್ದಿದ್ದಳು. ಅವನು ಎರಡೂ ಕೈ ಮುಗಿದು ಹಿಂದೆ ಸರಿದಿದ್ದ. "ತಾಳಿ ಬಂಗಾರ ತೂಗೂ ತಕ್ಕಡಿರಿ ಇದು. ಜೀವಾ ತಗದದ್ದನ್ನ ಇದರಾಗ ಇಡೂದಿಲ್ಲ. ಯಾರಿಗೂ ತಾಗದ ಗುಂಡು ಇದ್ರ ತರ್ರಿ, ತೂಗಿ ಕೊಡ್ತೇನಿ."

ಆವತ್ತು ಸಿಟ್ಟಿನಿಂದ ಎದ್ದು ಬಂದಿದ್ದಳು. ಜೀಪಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವನ ಮಾತು ತಲೆಯಲ್ಲಿ ಕೊರೆಯತೊಡಗಿತ್ತು. ಯಾರಿಗೂ ತಾಗದ ಗುಂಡು. ಒಂದು ಗುರಿ ತಪ್ಪಿದ್ದರೆ?

ಫೋನು ರಿಂಗಣಿಸಿತು. ರಾಜಶೇಖರ.

"ಎಲ್ಲಿ ಅದೀರಿ? ಎರಡೂವರಿಗೆ ಗಾಡಿ ಬಿಡ್ತೈತಿ. ಲಗೂ ಬರ್ರಿ."

"ಬಂದೆ ಸರ್. ದಾರ್‍ಯಾಗ ಅದೇನಿ."

ಹೇಳಲೇ ಎಂದು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡಳು. ತೂಗದೆ ಹೇಳಿದರೆ ಸಾಹೇಬರು ನಕ್ಕುಬಿಡುತ್ತಾರೆ, ನಕ್ಕ ಮೇಲೆ ಕೇಳಿಸಿಕೊಳ್ಳುವುದಿಲ್ಲ. ಗುಂಡನ್ನು ಸಣ್ಣ ಡಬ್ಬಿಗೆ ಹಾಕಿ, ಸಾಕ್ಷಿಗಳಿಬ್ಬರಿಗೂ ಕೈ ಚಾಚಿದಳು. "ನಿಮ್ಮ ಫೋನು ಕೊಡ್ರಿ. ತೂಕ ಆಗಿ ಸಹಿ ಆಗೂತನಾ ನನ್ನ ಹತ್ರ ಇರ್ಲಿ. ಎರಡನೇ ಗುಂಡಿನ ಮಾತು ಈ ಗೋದಾಮಿನ ಹೊರಗ ಹೋಗಬಾರದು."

"ನಾ ಯಾರಿಗೆ ಹೇಳ್ಲಿ ಬೇಟಿ," ಎಂದ ಬಾಬುಸಾಬ, ಅವಳು ಮೇಡಂ ಎಂಬುದನ್ನು ಮರೆತು.

ಮೌನೇಶನ ಅಂಗಡಿಯ ಮುಂದೆ ಹಫೀಜ ಆಗಲೇ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಹಳೆಯ ಶೆಡ್ಡೊಂದರಲ್ಲಿ ಹುಡುಗ ಹುಡುಗಿಯರಿಗೆ ರೈಫಲ್ ಕಲಿಸುವವನು ಅವನು, ನಾಗರತ್ನಾಳ ಗುರು. ಐವತ್ತು ದಾಟಿದ ಎತ್ತರದ ಮನುಷ್ಯ. ನಿನ್ನೆಯಿಂದ ಏನೂ ತಿಂದಂತಿರಲಿಲ್ಲ.

"ಹೇಳಿದ್ದು ತಂದೀರಿ?"

"ತಂದೇನ್ರಿ. ಅಕಿ ಡಬ್ಬಿ ಯಾವ ಪೆಟ್ಟಿಗಿಯಿಂದ ಬಂದದ್ದೋ ಅದs ಪೆಟ್ಟಿಗಿದು. ನೀವು ಹಚ್ಚಿದ ಮೊಹರು ನೀವs ಒಡೀರಿ."

ನಾಲ್ಕು ಕಾಡತೂಸು. ಕಿರುಬೆರಳಿಗಿಂತ ತೆಳ್ಳಗಿನ ಹಿತ್ತಾಳೆ ಕೊಳವೆಗಳು, ತುದಿಯಲ್ಲಿ ಸೀಸದ ಗುಂಡು. ಹಫೀಜ ಅಂಗಡಿಯ ಕಟ್ಟೆಯ ಮೇಲೆ ಕೂತು, ಇಕ್ಕಳದಿಂದ ಹಿತ್ತಾಳೆಯ ಕುತ್ತಿಗೆಯನ್ನು ನಿಧಾನಕ್ಕೆ ಅಲುಗಾಡಿಸುತ್ತ ಗುಂಡುಗಳನ್ನು ಬಿಡಿಸಿದ. ಮದ್ದನ್ನು ಕಾಗದಕ್ಕೆ ಸುರಿದ. ಒಂದು ಕಣವೂ ಹೊರಗೆ ಚೆಲ್ಲಲಿಲ್ಲ. ಅದನ್ನು ನಾಹಿದಾ ಗಮನಿಸಿದಳು.

ಮೌನೇಶನ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿತ್ತು. ವಿದ್ಯುತ್ತಿನದೇ, ಆದರೂ ಮೂಲೆಯಲ್ಲಿ ಕುಂಕುಮ, ಮೇಲೊಂದು ಒಣಗಿದ ಸೇವಂತಿಗೆ. ಅವನು ನಾಹಿದಾಳ ಡಬ್ಬಿಯನ್ನು ನೋಡಿದ, ನಾಹಿದಾಳನ್ನು ನೋಡಿದ.

"ಇದು ಯಾರಿಗಾದ್ರೂ ತಾಗೈತೇನ್ರಿ?"

"ಇಲ್ಲ."

"ಖರೇ ಹೇಳ್ರಿ ಮೇಡಂ. ಶ್ರಾವಣದಾಗ ನನ್ನ ಮಗಳ ಲಗ್ನ ಐತಿ."

"ಹತ್ತ್ಯಾಗ ಸಿಕ್ಕೈತಿ ಮೌನೇಶಪ್ಪ. ರಕ್ತ ಕಂಡಿಲ್ಲ. ಬಾಬುಸಾಬ ಕಾಕಾನ್ನ ಕೇಳ್ರಿ."

ಬಾಬುಸಾಬ ಗಂಟಲ ಮೇಲೆ ಕೈಯಿಟ್ಟು ಆಣೆ ಮಾಡಿದ. ಮೌನೇಶ ಪತ್ತಾರ ತಕ್ಕಡಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಗೋಡೆಯ ಗಡಿಯಾರ ಒಂದೂವರೆ ದಾಟಿತ್ತು. ದೇವರೇ, ಈ ಮನುಷ್ಯನಿಗೆ ಅವಸರವೆಂಬುದೇ ಗೊತ್ತಿಲ್ಲ ಎಂದು ನಾಹಿದಾ ಹಲ್ಲು ಕಚ್ಚಿದಳು.

ಮೊದಲು ಹಫೀಜ ತಂದ ಗುಂಡುಗಳು. ಒಂದು, ಎರಡು ಗ್ರಾಂ ಐನೂರ ತೊಂಬತ್ತು ಮಿಲಿ. ಇನ್ನೊಂದೂ ಹೆಚ್ಚುಕಮ್ಮಿ ಅಷ್ಟೇ. ಮೂರನೆಯದೂ ಅಷ್ಟೇ, ನಾಲ್ಕನೆಯದೂ ಅಷ್ಟೇ.

"ಬಂಗಾರದ ಗುಂಡು ಕಟ್ಟವ್ರೂ ಇಷ್ಟು ಕರಾರುವಾಕ್ ಇರೂದಿಲ್ರಿ," ಎಂದು ಮೌನೇಶ ಬೆರಗಾದ.

"ಸ್ಪರ್ಧಾದ ಮಾಲು ಅದು," ಎಂದ ಹಫೀಜ. "ಒಂದು ಹಗರ, ಒಂದು ಭಾರ ಆದ್ರ ಗುರಿ ಒಂದs ಜಾಗಾಕ್ಕ ಬೀಳೂದಿಲ್ಲ. ನಲವತ್ತು ಗ್ರೇನ್ ಅಂದ್ರ ನಲವತ್ತs."

"ಗ್ರೇನ್ ಅಂದ್ರ ಎಷ್ಟ್ರಿ?"

"ಗುಂಡಿನ ತೂಕದ ಲೆಕ್ಕ ಅದು. ಹದಿನೈದೂವರಿ ಗ್ರೇನಿಗೆ ಒಂದು ಗ್ರಾಂ ಅಂತ ಹಿಡೀರಿ."

ನಾಹಿದಾ ಡಬ್ಬಿ ತೆರೆದು, ಅಂಡಿಗೆಯ ಗುಂಡಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಕಿತ್ತಳು. ಮೌನೇಶ ಅದನ್ನು ತಟ್ಟೆಯ ನಡುವೆ ಇಟ್ಟ. ಗಾಜಿನ ಬಾಗಿಲು ಮುಚ್ಚಿದ. ಅಂಕಿಗಳು ಓಡಿ ನಿಂತವು.

ಎರಡು ಗ್ರಾಂ ಮುನ್ನೂರ ಮೂವತ್ತು.

"ಇನ್ನೊಮ್ಮೆ."

ಅಷ್ಟೇ.

"ತೆಗದು ಮತ್ತ ಇಡ್ರಿ ಮೌನೇಶಪ್ಪ."

ಮತ್ತೆ ಅಷ್ಟೇ. ನಾಹಿದಾ ಮನಸ್ಸಿನಲ್ಲೇ ಗುಣಿಸಿದಳು. ಮೂವತ್ತಾರು ಗ್ರೇನ್. ನಲವತ್ತಲ್ಲ! ಎಲುಬಿಲ್ಲ, ಸವೆದಿಲ್ಲ, ಚೂರು ಉದುರಿಲ್ಲ. ದೇಹದಲ್ಲಿ ಸಿಕ್ಕದ್ದೂ ಇದರದ್ದೇ ಜೋಡಿ, ಎಲುಬಿಗೆ ತಾಗಿ ಚೂರು ಸವೆದಿದೆ ಎಂದರೆ ಆ ಎರಡೂ ಕಾಲು ಗ್ರಾಮಿಗೆ ಲೆಕ್ಕ ಸರಿಹೋಗುತ್ತದೆ. ಕೊಂದ ಕಾಡತೂಸು ನಾಗರತ್ನಾಳ ಡಬ್ಬಿಯಿಂದ ಬಂದದ್ದೇ ಅಲ್ಲ. ಸಂತೋಷಕ್ಕೆ ಬಾಬುಸಾಬನ ಭುಜ ಹಿಡಿದು ಅಲುಗಾಡಿಸಿಬಿಟ್ಟಳು, ಪಾಪ ಮುದುಕ ಗಾಬರಿಯಾದ.

ಆಮೇಲೆ ಹಫೀಜನ ಮುಖ ನೋಡಿದಳು.

ಅವನು ಗೆಲುವಾಗಬೇಕಾಗಿತ್ತು. ಕುಣಿಯಬೇಕಾಗಿತ್ತು. ಅವನು ಇಕ್ಕಳವನ್ನು ಚೀಲಕ್ಕೆ ತುರುಕುತ್ತಿದ್ದ, ಅದು ಚೀಲದೊಳಗೆ ಹೋಗುತ್ತಿರಲಿಲ್ಲ.

"ನಮಾಜಿಗೆ ಹೊತ್ತಾತ್ರಿ," ಎಂದು ಎದ್ದ. "ನಾ ಬರ್ತೇನಿ."

"ಹಫೀಜ ಸರ್, ನಿಂದರ್ರಿ."

ಅಂಗಡಿಯ ಪಕ್ಕದ ಸಂದಿಯಲ್ಲಿ, ಯಾರದೋ ಮನೆಯ ನೀರಿನ ಟಾಕಿಯ ನೆರಳಿನಲ್ಲಿ ಅವನನ್ನು ತಡೆದು ನಿಲ್ಲಿಸಿದಳು. "ಮೂವತ್ತಾರು ಅಂತ ನೋಡಿದ ಕೂಡ್ಲೆ ನಿಮ್ಮ ಮಾರಿ ಇಳೀತು. ಯಾಕ?"

"ಏನಿಲ್ರಿ. ಉಪವಾಸ ಇದ್ದೆ..."

"ನನ್ನ ಮುಂದ ನಾಟಕ ಬ್ಯಾಡ್ರಿ. ಮೂರಕ್ಕ ಅಕಿನ್ನ ಕೋರ್ಟಿಗೆ ಒಯ್ತಾರ. ಈ ತೂಕ ಅಕಿನ್ನ ಉಳಸ್ತೈತಿ ಅಂತ ನಾ ಅಂದ್ಕೊಂಡೇನಿ. ಉಳಸ್ತೈತೋ ಇಲ್ಲೋ?"

ಹಫೀಜ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಮೂವತ್ತಾರರ ಮಾಲು ನಮ್ಮ ಕಡೆ ಯಾರೂ ಹೊಡ್ಯೂದಿಲ್ರಿ."

"ಹಂಗಾದ್ರ ಛಲೋನs ಆತಲ್ಲ?"

"ಒಂದs ಒಂದು ಡಬ್ಬಿ ಬಂದಿತ್ತು."

ನಾಹಿದಾ ಟಾಕಿಗೆ ಒರಗಿ ನಿಂತಳು. ಅವನೇ ಮಾತಾಡಲಿ ಎಂದು ಬಿಟ್ಟಳು.

"ಹೋದ ತಿಂಗಳು ನಾನs ತರಿಸಿದ್ದೆ. ಹಗರ ಗುಂಡು ಹೊಡದ್ರ ಹ್ಯಾಂಗ, ಭಾರದ್ದು ಹೊಡದ್ರ ಹ್ಯಾಂಗ ಅಂತ ನಾಗೂಗ ತೋರಸಬೇಕಾಗಿತ್ತು. ಎರಡು ಕಾಗದ ಬಾಜೂಬಾಜೂ ಕಟ್ಟಿದ್ವಿ. ನಲವತ್ತರದು ಸಾವಕಾಶ ಹೋಗ್ತೈತ್ರಿ, ಆದ್ರ ಒಂದು ರೂಪಾಯಿ ಬಿಲ್ಲೆದಾಗ ಐದೂ ಕೂಡಿಸಿದ್ಲು. ಮೂವತ್ತಾರರದು ಜೋರು ಹೋಗ್ತೈತಿ, ಚಟ್ ಅಂತ ಸಪ್ಪಳಾ ಮಾಡ್ತೈತಿ, ಅಂಗೈ ಅಗಲ ಚೆಲ್ಲಾಪಿಲ್ಲಿ ಬಿದ್ವು. 'ಇದು ನನಗ ಬ್ಯಾಡ ಸರ್' ಅಂದ್ಲು."

"ಉಳಿದದ್ದು?"

ಅವನ ಕಣ್ಣು ತುಂಬಿತ್ತು. "ಉಳಿದದ್ದು... ಅಕಿನs ತಗೊಂಡು ಹೋದ್ಲು."

ನಾಹಿದಾ ಕಿಸೆಯಲ್ಲಿದ್ದ ಗುಂಡಿನ ಡಬ್ಬಿಯನ್ನು ಅಂಗಿಯ ಮೇಲಿಂದಲೇ ಒತ್ತಿ ಹಿಡಿದಳು.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ನಿಮ್ಮ ಸಾಹೇಬ್ರು ನಲವತ್ತರ ಡಬ್ಬಿ ಹಿಡಕೊಂಡು ಕುಂತಿದ್ರು. ಸುಳ್ಳು ಜಾಡು, ತಾನs ಮುರದು ಬೀಳ್ತೈತಿ ಅಂತ ಸುಮ್ನಿದ್ದೆ. ಅಕಿ ನನ್ನ ಮಗಳಿದ್ದಂಗ್ರಿ."

"ತಗೊಂಡು ಹೋಗುವಾಗ ಏನಂದ್ಲು?"

"'ನಮ್ಮ ಮನ್ಯಾಗ ಒಬ್ರು ಕಲಿಯಾಕತ್ತಾರ, ಅವರಿಗೆ ಇದು ಸಾಕು' ಅಂದ್ಲು. ನಕ್ಕೋತ ಅಂದ್ಲು."

"ಯಾರು?"

"ಕೇಳಲಿಲ್ಲ. ಖರೇ ಅಂದ್ರ ಕೇಳಲಿಲ್ಲ, ಮೇಡಂ."

ಮನೆಯಲ್ಲಿ ಒಬ್ಬರು. ಆ ಮನೆಯಲ್ಲಿರುವವರೇ ಎಷ್ಟು ಮಂದಿ? ಸತ್ತ ಮಡಿವಾಳಪ್ಪ. ನಾಗರತ್ನಾಳ ಗಂಡ ಶಿವಯೋಗೀಶ. ಅತ್ತೆ ದಾನವ್ವ. ಶಿವಯೋಗೀಶ ಅಪ್ಪನ ಎದುರು ತಲೆಯೆತ್ತದ ಗಂಡಸು, ಅಮಾವಾಸ್ಯೆಯ ಸಂಜೆ ಬ್ಯಾಡಗಿಗೆ ಹೋಗಿದ್ದೆ ಎಂದಿದ್ದ. ಹೋದದ್ದನ್ನು ಕಂಡವರು ಯಾರೂ ಇನ್ನೂ ಸಿಕ್ಕಿರಲಿಲ್ಲ. ಹೆಂಡತಿಯ ರೈಫಲ್ಲು ಕಪಾಟಿನಿಂದ ತೆಗೆಯಲು ಗಂಡನಿಗೆ ಯಾರ ಅಪ್ಪಣೆ ಬೇಕು? ಜೀಪು ಠಾಣೆಯತ್ತ ಓಡುತ್ತಿರುವಾಗ ನಾಹಿದಾಳ ತಲೆಯೊಳಗೆ ಶಿವಯೋಗೀಶನ ಮುಖವೇ ಸುತ್ತುತ್ತಿತ್ತು.

ಇದನ್ನು ರಾಜಶೇಖರರಿಗೆ ಹೇಳಿದರೆ? "ನೋಡ್ರಿ, ಆ ಡಬ್ಬಿನೂ ಅಕಿದs," ಎಂದು ಅವರು ಮುಗಿಸಿಬಿಡುತ್ತಾರೆ. ಹೇಳದಿದ್ದರೆ ಇವಳು ಪೊಲೀಸಳೇ ಅಲ್ಲ. ಉಳಿದ ದಾರಿ ಒಂದೇ. ಡಬ್ಬಿ ಯಾರ ಕೈಗೆ ಹೋಯಿತೆಂದು ನಾಗರತ್ನಾಳ ಬಾಯಿಂದಲೇ ಹೊರಬರಬೇಕು, ಅದೂ ಗಾಡಿ ಹೊರಡುವ ಮೊದಲು.

ಠಾಣೆಯ ಅಂಗಳದಲ್ಲಿ ಗಾಡಿ ಆಗಲೇ ಮುಖ ತಿರುಗಿಸಿಕೊಂಡು ನಿಂತಿತ್ತು. ಹಫೀಜನನ್ನೂ ಸಾಕ್ಷಿಗಳಿಬ್ಬರನ್ನೂ ಜೀಪಿನಲ್ಲೇ ಕೂಡಿಸಿ, ಕಾನ್‌ಸ್ಟೇಬಲ್ಲನನ್ನು ಕಾವಲಿಟ್ಟು, ಯಾರತ್ತಲೂ ನೋಡದೆ ಹಿಂದಿನ ಕೋಣೆಗೆ ನಡೆದಳು.

ನಾಗರತ್ನಾ ಗೋಡೆಗೊರಗಿ ಕೂತಿದ್ದಳು. ಇಪ್ಪತ್ತೇಳರ ಹುಡುಗಿ, ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಕಾವಲಿಗಿದ್ದ ಮಹಿಳಾ ಕಾನ್‌ಸ್ಟೇಬಲ್ಲಳನ್ನು ಹೊರಗೆ ಕಳಿಸಿ ನಾಹಿದಾ ಅವಳ ಎದುರಿಗೇ ನೆಲದ ಮೇಲೆ ಕೂತಳು.

"ನಾಗರತ್ನಾ, ಛಲೋ ಸುದ್ದಿ ತಂದೇನಿ. ಗುಂಡು ತೂಗಿಸಿದೆ. ನಿನ್ನ ಡಬ್ಬಿದಲ್ಲ."

ಹುಡುಗಿಯ ಮುಖ ಅರಳಿತು. ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರು ಹೊರಬಂತು. "ನಾ ಹೇಳಲಿಲ್ಲೇನ್ರಿ ಮೇಡಂ! ನಾ ಹೇಳಿದ್ದೆ!" ಎಂದು ನಾಹಿದಾಳ ಎರಡೂ ಕೈ ಹಿಡಿದುಕೊಂಡಳು. "ಎಷ್ಟು ಬಂತ್ರಿ?"

"ಮೂವತ್ತಾರು ಗ್ರೇನ್."

ಹಿಡಿದ ಕೈ ಸಡಿಲವಾಯಿತು.

ನಾಹಿದಾ ಅನೇಕರ ಮುಖ ಬಾಡುವುದನ್ನು ನೋಡಿದ್ದಳು. ಸಿಕ್ಕಿಬಿದ್ದ ಕಳ್ಳನ ಮುಖ, ಸುಳ್ಳು ಹೊರಬಿದ್ದವರ ಮುಖ. ಇದು ಅಂಥದ್ದಲ್ಲ. ಊರಿಂದ ಕೆಟ್ಟ ಸುದ್ದಿ ಬಂದಾಗ ಮನೆಯ ಹೆಂಗಸರ ಮುಖ ಹೀಗಾಗುತ್ತದೆ.

"ಹಫೀಜ ಸರ್ ಹೇಳ್ಯಾರ," ಎಂದಳು ಮೆಲ್ಲಗೆ. "ಉಳಿದ ಡಬ್ಬಿ ನೀ ಒಯ್ದೀ ಅಂತ. ಮನ್ಯಾಗ ಯಾರೋ ಕಲಿಯಾಕತ್ತಾರ ಅಂದಿ ಅಂತ. ಯಾರಿಗೆ ಕೊಟ್ಟಿ ತಂಗಿ? ಶಿವಯೋಗೀಶಗ?"

ನಾಗರತ್ನಾ ತಲೆ ಅಲ್ಲಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

"ಹೆಸರು ಹೇಳು. ಹೆಸರು ಹೇಳಿದ್ರ ನೀ ಇವತ್ತs ಮನಿಗೆ ಹೋಗ್ತಿ. ನಾ ಕೋರ್ಟಿನಾಗ ನಿಂತು ಹೇಳ್ತೇನಿ."

"ಯಾರಿಗೂ ಕೊಟ್ಟಿಲ್ರಿ."

"ಹಂಗಾದ್ರ ಡಬ್ಬಿ ಎಲ್ಲೈತಿ?"

"ಒಗದೇನಿ." ಅವಳು ಕಣ್ಣು ಮುಚ್ಚಿ ತೆರೆದಳು. ತೆರೆದಾಗ ದನಿ ಬದಲಾಗಿತ್ತು. "ನಾನs ಹೊಡದೇನ್ರಿ ಮೇಡಂ."

"ಏನು?"

"ನಾನs ಹೊಡದೇನಿ, ಮಾವಾರ್ನ. ಮೂವತ್ತಾರರ ಗುಂಡಿನಿಂದ. ನನ್ನ ಡಬ್ಬಿದು ಹೊಡದ್ರ ಗೊತ್ತಾಗ್ತೈತಿ ಅಂತ ಅದನ್ನ ಹಾಕಿದ್ದೆ. ಬರ್ಕೋರಿ."

"ಹುಚ್ಚಿ!" ಎಂದು ನಾಹಿದಾ ಅವಳ ಭುಜ ಹಿಡಿದು ಕುಲುಕಿದಳು. "ನಿನ್ನೆಯಿಂದ ಇಲ್ಲ ಇಲ್ಲ ಅಂದಾಕಿ ಈಗ್ಯಾಕ ಹಿಂಗ ಅನ್ನಾಕತ್ತಿ? ಯಾರನ್ನ ಮುಚ್ಚಿಡಾಕ?"

"ಯಾರನ್ನೂ ಇಲ್ರಿ."

"ಹಂಗಾದ್ರ ಹೇಳು. ಎಷ್ಟು ಗುಂಡು ಹೊಡದಿ?"

"ಒಂದು."

"ಒಂದs?"

"ಒಂದs ಸಾಕಾತ್ರಿ. ನಾ ಗುರಿ ತಪ್ಪೂದಿಲ್ಲಲ್ಲ."

ಅಯ್ಯೋ ಹುಡುಗಿ! ನಾಹಿದಾಳ ಅಂಗಿಯ ಕಿಸೆಯಲ್ಲಿ ಆ ಎರಡನೆಯ ಗುಂಡು ಡಬ್ಬಿಯೊಳಗೆ ಕೂತಿತ್ತು. ಗುಂಡು ಎರಡೆಂಬುದು ಹೊಡೆದವರಿಗೆ ಗೊತ್ತಿರಲೇಬೇಕು, ಇವಳಿಗೆ ಅದರ ಸುದ್ದಿಯೇ ಇಲ್ಲ. ಇವಳು ಆ ಸಂಜೆ ಗೋದಾಮಿನಲ್ಲಿ ಇರಲೇ ಇಲ್ಲ. ಯಾರೋ ಒಬ್ಬರಿಗಾಗಿ ತನ್ನ ಕುತ್ತಿಗೆಗೆ ತಾನೇ ಉರುಳು ಹಾಕಿಕೊಳ್ಳುತ್ತಿದ್ದಾಳೆ. ಆ ಉರುಳನ್ನು ಅವಳ ಕೈಗೆ ಕೊಟ್ಟವಳು ನಾಹಿದಾಳೇ.

"ಶಾಬ್ಬಾಶ್," ಎಂದಿತು ಹಿಂದಿನಿಂದ ಒಂದು ದನಿ.

ಬಾಗಿಲಲ್ಲಿ ರಾಜಶೇಖರ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಸರ್, ಅಕಿ ಸುಳ್ಳು ಹೇಳಾಕತ್ತಾಳ. ನನ್ನ ಹತ್ರ..."

"ನಿನ್ನೆಯಿಂದ ಅಕಿ ಆಡಿದ ಮೊದಲನೇ ಖರೇ ಮಾತು ಅದು. ಇದನ್ನs ಜಡ್ಜ್ ಸಾಹೇಬ್ರ ಮುಂದ ಹೇಳ್ತೀಯೇನವಾ?"

ನಾಗರತ್ನಾ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಹೇಳ್ತೇನ್ರಿ."

ಠಾಣೆಯಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಆಡಿದರೆ ಅದರ ಕಥೆಯೇ ಬೇರೆ. "ಸರ್, ಐದು ನಿಮಿಷ ಕೊಡ್ರಿ, ಪಂಚನಾಮೆ ತೋರಸ್ತೇನಿ, ಜೀಪಿನ್ಯಾಗ ಐತಿ," ಎಂದು ನಾಹಿದಾ ಅಂಗಲಾಚಿದಳು. ಸಾಹೇಬರು ಗಡಿಯಾರ ನೋಡಿ ಬೆರಳೆತ್ತಿ ತೋರಿಸಿದರು. ಐದು ನಿಮಿಷ, ಮುಂದೆ ಒಂದು ಕ್ಷಣವೂ ಇಲ್ಲ.

ಅವಳು ವರಾಂಡಕ್ಕೆ ಓಡಿ ಬಂದಳು.

ವರಾಂಡದ ಬೆಂಚಿನ ಮೇಲೆ ದಾನವ್ವ ಕೂತಿದ್ದಳು. ಗಂಡ ಸತ್ತು ಇನ್ನೂ ವಾರವಾಗಿಲ್ಲ. ಲಿಂಗವಂತರಿಗೆ ಸೂತಕವಿಲ್ಲ ನಿಜ, ಆದರೂ ತನ್ನ ಗಂಡನನ್ನು ಕೊಂದಳೆಂದು ಊರೇ ಹೇಳುವ ಸೊಸೆಯನ್ನು ನೋಡಲು ಯಾವ ಅತ್ತೆ ಠಾಣೆಗೆ ಬರುತ್ತಾಳೆ? ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಬಟ್ಟೆ ಸುತ್ತಿದ ರೊಟ್ಟಿ ಬುತ್ತಿ. ಅರವತ್ತರ ಹೆಂಗಸು, ಬೆನ್ನು ನೆಟ್ಟಗಿತ್ತು.

"ನಮ್ಮ ನಾಗೂಗ ಉಣ್ಣಾಕ ತಂದೇನ್ರಿ ಬಾಯಾರ."

"ಈಗ ಆಗೂದಿಲ್ಲ ಯಜಮಾನ್ತಿ. ಅಕಿನ್ನ ಕೋರ್ಟಿಗೆ ಒಯ್ಯಾಕತ್ತಾರ. ನಾನs ಹೊಡದೇನಿ ಅಂತ ಒಪ್ಕೊಂಡಾಳ," ಎಂದು ಹೇಳುತ್ತಲೇ ನಾಹಿದಾ ಅವಳನ್ನು ದಾಟಿ ಜೀಪಿನತ್ತ ಎರಡು ಹೆಜ್ಜೆ ಹಾಕಿದ್ದಳು.

ಬುತ್ತಿ ಕೆಳಗೆ ಬಿದ್ದ ಸಪ್ಪಳವಾಯಿತು.

"ಒಪ್ಕೊಂಡ್ಲು?" ದಾನವ್ವನ ದನಿ ಒಡೆದಿತ್ತು. "ಅಕಿ ಅಲ್ರಿ! ನನ್ನ ಕೂಸು ಅಲ್ರಿ ಅದು! ಅಕಿನ್ನ ಬಿಡ್ರಿ ಮೊದಲ!" ಎದ್ದು ಬಂದು ನಾಹಿದಾಳ ತೋಳು ಹಿಡಿದಳು. ಆ ಹಿಡಿತ ಮುದುಕಿಯದಾಗಿರಲಿಲ್ಲ. ಆಮೇಲೆ ಒಳಗಿನವರಿಗೆ ಕೇಳಿಸದಷ್ಟು ಸಣ್ಣಗೆ, ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

"ನಿಮಗ ಗುಂಡು ಎರಡೂ ಸಿಕ್ಕಾವೇನ್ರಿ ಬಾಯಾರ?"